ಸೂಜಿ ಬೀಳುವವರೆಗೆ

ಬೀದಿ ಬಾಗಿಲು ತೆಗೆಯುವ ಮೊದಲು ಸೂಜಿಗಲ್ಲಿಗೆ ದಾರ ಕಟ್ಟಿ ಹೊಲಿಗೆ ಕೋಣೆಯ ನೆಲದ ಮೇಲೆ ನಿಧಾನವಾಗಿ ಎಳೆದುಕೊಂಡು ಹೋದೆ. ಹಿಂದಿನ ದಿನ ಕೈಜಾರಿ ಬಿದ್ದ ಗುಂಡುಸೂಜಿಗಳು ಮಿಷನ್ನಿನ ಕಾಲಡಿಯಿಂದ, ಚಾಪೆಯ ಅಂಚಿನಿಂದ, ಗೋಡೆಯ ಬಿರುಕಿನಿಂದ ಹೊರಳಿ ಬಂದು ಕಲ್ಲಿಗೆ ಅಂಟಿಕೊಂಡವು. ಅವನ್ನು ಬಿಡಿಸುವ ಗೋಜಿಗೆ ನಾವು ಹೋಗುವುದಿಲ್ಲ. ಕಲ್ಲಿನ ಸಮೇತ ತಗಡಿನ ಡಬ್ಬಿಗೆ ಹಾಕಿ ಮುಚ್ಚಳ ಹಾಕುತ್ತೇವೆ. ಮಂಚದ ಮೇಲೆ ಕೂತ ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದಳು. ಮೊದಲ ಹೊಲಿಗೆ ಬೀಳುವ ಮೊದಲು ಮಾತಾಡಿದರೆ ದಿನವೆಲ್ಲ ದಾರ ಕಡಿಯುತ್ತದೆ ಎಂಬುದು ಅವಳ ನಂಬಿಕೆ. ಆದ್ದರಿಂದ ನಾನು ಬಿಟ್ಟ ಸೂಜಿಗಳನ್ನು ಗದ್ದದಲ್ಲೇ ತೋರಿಸುತ್ತಾಳೆ. ಆ ಬೆಳಿಗ್ಗೆ ಅವಳು ಏನನ್ನೂ ತೋರಿಸಲಿಲ್ಲ. ಕೆಲಸ ಮುಗಿಸಿ ಎದ್ದಾಗ ಅವಳ ಹಣೆಯ ಮೇಲೆ, ಬಿಳಿಕೂದಲು ಶುರುವಾಗುವ ಕಡೆ, ಒಂದು ಗುಂಡುಸೂಜಿ ಅಡ್ಡಡ್ಡ ಅಂಟಿಕೊಂಡು ಕೂತಿರುವುದು ಕಾಣಿಸಿತು. ನಾನು ಹತ್ತಿರ ಹೋಗಿ ಅದನ್ನು ಕಿತ್ತು ಡಬ್ಬಿಗೆ ಹಾಕಿದೆ.

ನಮ್ಮೂರಿನಲ್ಲಿ ವಯಸ್ಸಾದವರ ತಲೆಗೆ ಸೂಜಿ ಅಂಟುವುದು ಹೊಸದೇನಲ್ಲ. ಕ್ಷೌರದ ಅಂಗಡಿಯವರು ಮುದುಕರಿಗೆ ಕೂದಲು ಕತ್ತರಿಸುವಾಗ ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ, ಇಲ್ಲದಿದ್ದರೆ ಅದು ಕಿವಿಯ ಕಡೆ ವಾಲುತ್ತದೆ. ಅಜ್ಜಿಯರು ಮಳೆಯಲ್ಲಿ ನೆನೆದು ಬಂದು ಮಲಗಿದರೆ ದಿಂಬಿನ ಮೇಲೆ ಕಂದು ಕಲೆ ಉಳಿಯುತ್ತದೆ. ಅದಕ್ಕೆ ನಿಂಬೆಹೋಳು ಉಜ್ಜಿ ಬಿಸಿಲಿಗೆ ಹಾಕಬೇಕು. ಹಿಂದೆ ಯಾವಾಗಲೋ ಸರ್ವೆಯವರು ಬಂದಿದ್ದರಂತೆ. ಅವರ ದಿಕ್ಸೂಚಿಯ ಮುಳ್ಳು ಉತ್ತರಕ್ಕೆ ತಿರುಗದೆ ಅರಳಿಕಟ್ಟೆಯ ಮೇಲೆ ಕೂತಿದ್ದ ಮುದುಕರ ಕಡೆ ತಿರುಗಿ ನಿಂತಿತಂತೆ. ಮುದುಕರು ಊಟಕ್ಕೆ ಎದ್ದು ಹೋದಾಗ ಮುಳ್ಳೂ ಅವರ ಹಿಂದೆಯೇ ಹೋಯಿತು ಎಂದು ಹೇಳಿ ನಗುತ್ತಾರೆ. ಸರ್ವೆಯವರು ಡೇರೆ ಕಿತ್ತುಕೊಂಡು ಹೋದರು. ಆಮೇಲೆ ಯಾರೂ ಬರಲಿಲ್ಲ.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ನನಗೆ ಎಂಟು ವರ್ಷವಿದ್ದಾಗ ಅಮ್ಮ ತೀರಿಕೊಂಡ ಮೇಲೆ ಅವಳ ಅಕ್ಕನಾದ ದೊಡ್ಡಮ್ಮ ನನ್ನನ್ನು ಕರೆದುಕೊಂಡು ಬಂದಳು. ಅವಳ ಹೆಸರು ಅಂಬಕ್ಕ. ಊರಿಗೆಲ್ಲ ಟೈಲರ್ ಅಂಬಕ್ಕ. ಅವಳು ಕತ್ತರಿಸಿ ಹೊಲಿಯುತ್ತಾಳೆ, ನಾನು ಹುಕ್ಕು ಹಾಕುತ್ತೇನೆ, ಕಾಜಾ ಮಾಡುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ಗಿರಾಕಿಗಳ ಜೊತೆ ಮಾತಾಡುವುದೆಲ್ಲ ಅವಳದೇ. ಯಾರಾದರೂ ನನ್ನನ್ನು ಕೇಳಿದರೆ "ಅವಳ ಬಾಯಿಗೆ ನಾನೇ ಹುಕ್ಕು ಹಾಕಿದೀನಿ, ಬಿಚ್ಚಿದ್ರೆ ಕೂಲಿ ಜಾಸ್ತಿ ಆಗುತ್ತೆ" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನನಗೂ ಅದರಿಂದ ಅನುಕೂಲವೇ ಆಗುತ್ತಿತ್ತು.

ಆ ದಿನ ಮಧ್ಯಾಹ್ನ ಪಕ್ಕದ ಮನೆಯ ಸೀಬಕ್ಕ ಹೊಸ ಬ್ಲೌಸನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಂದಳು.

"ಏನಕ್ಕ ಇದು? ಎರಡೂ ಎಡಗೈ ತೋಳೇ ಇಟ್ಟು ಹೊಲ್ದಿದೀಯ. ನನಗೇನು ಬಲಗೈ ಇಲ್ವಾ?"

"ಇದೆ ಕಣೆ. ಆದ್ರೆ ಆ ಕೈಲಿ ನೀನು ಕೆಲಸ ಮಾಡಿದ್ದು ನಾನಂತೂ ನೋಡಿಲ್ಲ" ಎಂದಳು ದೊಡ್ಡಮ್ಮ.

ಸೀಬಕ್ಕ ನಗುತ್ತಾ ಕೂತಳು. ದೊಡ್ಡಮ್ಮ ತೋಳು ಬಿಚ್ಚಲು ತೊಡಗಿದಳು. ಬ್ಲೇಡು ಹಿಡಿದ ಅವಳ ಬೆರಳು ಸಣ್ಣಗೆ ನಡುಗುತ್ತಿತ್ತು. ಸೀಬಕ್ಕನ ನಗು ನಿಂತಿತು. ಅವಳು ನನ್ನ ಕಡೆ ತಿರುಗಿ, "ಸೂಜಿ ಅಂಟ್ತಿದೆಯೇನೆ ನೀಲು?" ಎಂದು ಪಿಸುಗುಟ್ಟಿದಳು. ನಾನು ಹುಕ್ಕು ಹಾಕುತ್ತಿದ್ದ ಬಟ್ಟೆಯ ಮೇಲೆ ತಲೆ ಬಗ್ಗಿಸಿದೆ. ಅಷ್ಟೇ ಸಾಕಾಯಿತು ಅವಳಿಗೆ.

ಸಂಜೆಯೊಳಗೆ ನಂಜುಂಡ ಮಾವ ಬಂದ. ಅವನು ದೊಡ್ಡಮ್ಮನ ತಮ್ಮ, ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ. "ಇಳಿಸ್ಬಿಡೋಣ ಅಕ್ಕ. ಎಣ್ಣೆ ಅಂಗಡಿ ಗೌಡರನ್ನ ನೋಡಿದೆಯಲ್ಲ. ಇಳಿಸ್ದೆ ಬಿಟ್ರು. ತಮ್ಮ ಮನೆ ಮುಂದೆನೇ ನಿಂತ್ಕೊಂಡು ಎಣ್ಣೆ ಅಂಗಡಿ ಗೌಡರ ಮನೆ ಎಲ್ಲಿ ಅಂತ ಕೇಳ್ತಿದ್ರು."

"ನನ್ನ ತಲೇಲಿರೋದು ನಂದು ಕಣೋ. ನಿನ್ನ ಅಂಗಡಿ ಗುಜರಿ ಅಲ್ಲ, ತೂಕಕ್ಕೆ ಹಾಕೋಕೆ."

"ನಾಳೆ ನನ್ನೇ ಯಾರು ಅಂತೀಯ."

"ಅದು ಆಗೋದಾದ್ರೆ ಇವತ್ತೇ ಆಗ್ಲಿ" ಎಂದು ದೊಡ್ಡಮ್ಮ ಅವನಿಗೆ ಕಾಫಿ ಕೊಟ್ಟಳು. ಮಾವನಿಗೆ ನಗು ಬಂತು, ಆದರೆ ನಗಲಿಲ್ಲ.

ಇಳಿಸುವ ಮನೆ ಊರಿನ ಕೆಳಗಿನ ಬೀದಿಯಲ್ಲಿದೆ. ಅಲ್ಲಿ ತಲೆಯಲ್ಲಿ ಕೂಡಿಕೊಂಡು ಮರೆವು ತರುವ ಲೋಹವನ್ನು ದೊಡ್ಡ ಸೂಜಿಗಲ್ಲಿನಿಂದ ಸೆಳೆದು ತೆಗೆಯುತ್ತಾರೆ. ತೆಗೆಸಿಕೊಂಡು ಬಂದವರಲ್ಲಿ ಕೆಲವರು ಹುರುಪಾಗಿ ಓಡಾಡುತ್ತಾರೆ, ಕೆಲವರು ಜಗುಲಿಯ ಮೇಲೆ ಸುಮ್ಮನೆ ಕೂತಿರುತ್ತಾರೆ. ಕೂತವರನ್ನು ನೋಡಿ ಜನ "ಎಷ್ಟು ಶಾಂತವಾಗಿದಾರೆ" ಎಂದು ಹೇಳುತ್ತಾರೆ. ನನಗೆ ಆ ಎರಡು ಬಗೆಯವರ ನಡುವೆ ಏನು ವ್ಯತ್ಯಾಸ ಎಂದು ತಿಳಿಯುತ್ತಿರಲಿಲ್ಲ. ಯಾರನ್ನಾದರೂ ಕೇಳುವುದೂ ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

ಕೆಲವು ದಿನಗಳಾದ ಮೇಲೆ ದೊಡ್ಡಮ್ಮ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಟೇಪು ಹಿಡಿದು ಅಳತೆ ತೆಗೆದಳು. ಹಬ್ಬ ಹತ್ತಿರವಿತ್ತು, ನನಗೇನೋ ಹೊಲಿಯುತ್ತಾಳೆ ಎಂದುಕೊಂಡೆ. ಎರಡು ದಿನ ಕೂತು, ಅಂಚಿಗೆ ಜರಿ ಇಟ್ಟು, ಒಳಗೆ ಮಡಿಕೆ ಬಿಟ್ಟು ಹೊಲಿದಳು. ಮುಗಿದ ಮೇಲೆ ಕೊಡವಿ ಹಿಡಿದು, "ಬಾರೇ ನೀಲು, ಹಾಕ್ಕೊಂಡು ನೋಡು" ಎಂದಳು. ಅದು ಎಂಟು ವರ್ಷದ ಹುಡುಗಿಯ ಲಂಗ. ನನ್ನ ಮೊಣಕಾಲಿಗೂ ಬರುತ್ತಿರಲಿಲ್ಲ. ನಾನು ಅದನ್ನು ಸೊಂಟಕ್ಕೆ ಹಿಡಿದುಕೊಂಡು ನಿಂತೆ. ದೊಡ್ಡಮ್ಮ ಲಂಗವನ್ನೂ ನನ್ನ ಮುಖವನ್ನೂ ನೋಡಿದಳು. ಟೇಪನ್ನು ಕೊರಳಿಂದ ತೆಗೆದು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ನಂಜಂಗೆ ಹೇಳು, ಹೋಗೋಣ" ಎಂದಳು ಕೊನೆಗೆ. "ನಿನ್ನ ಅಳತೆ ಮರ್ತ್ಮೇಲೆ ಇನ್ನೇನಿದೆ."

ಲಂಗವನ್ನು ಮಡಚಿಟ್ಟು, "ಅಲ್ಲಿ ನೀನೇ ಬಾಯಿಬಿಟ್ಟು ಕೇಳ್ಬೇಕು ಕಣೆ. ಒಂದೇ ಸೂರಿನ ಕೆಳಗೆ ಇರೋರು ಕೇಳಿದ್ರೇನೇ ಅವರು ಇಳಿಸೋದು. ಕೇಳ್ತೀಯಾ? ಇಲ್ಲ ಮೂಕಿ ಹಂಗೆ ನಿಂತ್ಕೋತೀಯಾ?" ಎಂದಳು.

"ಕೇಳ್ತೀನಿ."

"ಎಲ್ಲಿ, ಒಂದ್ಸಲ ಜೋರಾಗಿ ಹೇಳು."

ನಾನು ಹೇಳಿದೆ. ಅವಳಿಗೆ ಕೇಳಿಸಲಿಲ್ಲವೆಂದು ಮೂರು ಸಲ ಹೇಳಿಸಿದಳು. ಆಮೇಲೆ ಅದನ್ನೇ ಅಣಕಿಸಿ ನಗಿಸಿದಳು.

ಇಳಿಸುವ ಮನೆಗೆ ಹೋಗುವವರು ಒಂದು ಸೂಜಿಯನ್ನು ತಮ್ಮ ಮನೆಯಿಂದಲೇ ತೆಗೆದುಕೊಂಡು ಹೋಗಬೇಕು. ಹಣೆಗೆ ಅಂಟಿಸಿದ ಆ ಸೂಜಿ ಬಿದ್ದಾಗಲೇ ಇಳಿಸಿದ್ದು ಮುಗಿಯಿತು ಎಂದು ಲೆಕ್ಕ. ಅಲ್ಲಿನ ಸೂಜಿಯ ಮೇಲೆ ಯಾರಿಗೂ ನಂಬಿಕೆ ಇಲ್ಲ. ಬೇಗ ಬೀಳಲಿ ಎಂದು ಅದನ್ನು ಎಣ್ಣೆಯಲ್ಲಿ ಅದ್ದಿಡುತ್ತಾರೆ ಎಂದು ಹಿಂದೊಮ್ಮೆ ಗಲಾಟೆಯಾಗಿ, ಅಂದಿನಿಂದ ಈ ಪದ್ಧತಿ ಬಂತು. ಹೆಚ್ಚಿನವರು ಅಂಗಡಿಯಿಂದ ಕಾಗದದ ಚೀಟಿಗೆ ಚುಚ್ಚಿದ ಹೊಸ ಗುಂಡುಸೂಜಿಗಳನ್ನು ತಂದು ಅದರಲ್ಲೊಂದನ್ನು ಒಯ್ಯುತ್ತಾರೆ. "ಟೈಲರ್ ಮನೇಲಿ ಹುಟ್ಟಿ ಸೂಜಿ ಕೊಂಡ್ಕೊಳೋದಾ? ಜನ ಏನಂತಾರೆ" ಎಂದು ದೊಡ್ಡಮ್ಮ ತಗಡಿನ ಡಬ್ಬಿಯಿಂದ ತಾನೇ ಒಂದನ್ನು ಆರಿಸಿ, ತುದಿಯನ್ನು ಉಗುರಿನ ಮೇಲೆ ಪರೀಕ್ಷಿಸಿ, ಸೆರಗಿಗೆ ಚುಚ್ಚಿಕೊಂಡಳು.

ಮರುದಿನ ಬೆಳಿಗ್ಗೆ ಮಾವ ನಮ್ಮನ್ನು ಕರೆದುಕೊಂಡು ಹೋದ. ಇಳಿಸುವವರು ಮರುಳಪ್ಪನವರು, ದಪ್ಪ ಹುಬ್ಬಿನ ಸಮಾಧಾನದ ಮನುಷ್ಯ. ಸೂರಿನಿಂದ ಹಗ್ಗ ಕಟ್ಟಿ ಕುಂಬಳಕಾಯಿಯಷ್ಟು ದೊಡ್ಡ ಕಪ್ಪು ಕಲ್ಲನ್ನು ಇಳಿಬಿಟ್ಟಿದ್ದರು. ಅದರ ಕೆಳಗೆ ಮಣೆ. ದೊಡ್ಡಮ್ಮನನ್ನು ಕೂರಿಸಿ ತಲೆಗೆ ಒದ್ದೆಯಾದ ಬಿಳಿಬಟ್ಟೆ ಸುತ್ತಿದರು. ನಮ್ಮ ಸೂಜಿಯನ್ನು ಅವಳ ಹಣೆಗೆ ಮುಟ್ಟಿಸಿದರು, ಅಂಟಿತು.

"ಯಾರ ಬಾಯಿ?" ಎಂದು ಕೇಳಿದರು ಮರುಳಪ್ಪನವರು. ಅದು ಅಲ್ಲಿಯ ರೂಢಿಯ ಪ್ರಶ್ನೆ.

"ನಂದು" ಎಂದೆ.

"ಏನು ಬೇಕು?"

"ಇಳಿಸಿ."

"ಎಲ್ಲೀವರೆಗೆ?"

"ಸೂಜಿ ಬೀಳೋವರೆಗೆ." ಎಲ್ಲರೂ ಹೇಳುವುದು ಅದನ್ನೇ.

"ನೋಡ್ದ್ಯಾ ನಂಜ, ಬಾಯಿದೆ ಇವಳಿಗೆ" ಎಂದು ದೊಡ್ಡಮ್ಮ ಬಟ್ಟೆಯ ಒಳಗಿನಿಂದಲೇ ಹೇಳಿದಳು.

ಮರುಳಪ್ಪನವರು ಕಲ್ಲನ್ನು ಮೆಲ್ಲಗೆ ತೂಗತೊಡಗಿದರು. ಬಟ್ಟೆ ಕಂದು ಬಣ್ಣಕ್ಕೆ ತಿರುಗಿತು. ಅವರು ಅದನ್ನು ಬಿಚ್ಚಿ, ಒಂದು ಮಣ್ಣಿನ ಮಡಕೆಯೊಳಗೆ ಹಿಂಡಿ, ಮತ್ತೆ ಸುತ್ತಿದರು. ದೊಡ್ಡಮ್ಮ ಮೊದಮೊದಲು ಒಂದೇ ಸಮ ಮಾತಾಡಿದಳು. ಮರುಳಪ್ಪನವರ ಅಂಗಿಯ ಕಾಲರ್ ಯಾರು ಹೊಲಿದದ್ದೆಂದು ಕೇಳಿದಳು, ಹೆಸರು ಹೇಳಿದಾಗ "ಅದಕ್ಕೇ ಕತ್ತು ಸೊಟ್ಟಗೆ ಕಾಣ್ತಿದೆ" ಎಂದಳು. ಕಾಯುತ್ತಿದ್ದವರೆಲ್ಲ ನಕ್ಕರು. ಕಂದು ನೀರು ತಿಳಿಯಾದಾಗ ಮರುಳಪ್ಪನವರು ಸೂಜಿ ಮುಟ್ಟಿಸಿ ನೋಡಿದರು. ಅಂಟಿತು. ಬೇರೆಯವರಿಗೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಮತ್ತೆ ತೂಗಿದರು. ಈಗ ಬಟ್ಟೆಯ ಮೇಲೆ ಹಸಿರು ಬಂತು, ಹುಳಿ ತಾಕಿದ ತಾಮ್ರದ ಚೊಂಬಿನ ಮೇಲೆ ಬರುತ್ತದಲ್ಲ, ಆ ಹಸಿರು. ಸೂಜಿ ಅಂಟಿತು. ಆಮೇಲೆ ಅಕ್ಕಿ ತೊಳೆದ ನೀರಿನಂಥ ಬಿಳಿಪು. ಅದು ಸತುವಿನದು ಎಂದು ಪಕ್ಕದಲ್ಲಿ ಕೂತಿದ್ದವರು ಯಾರೋ ಹೇಳಿದರು. ಆಗಲೂ ಅಂಟಿತು.

"ಭಾರೀ ತಲೆ ಕಣಮ್ಮ ನಿಮ್ಮ ದೊಡ್ಡಮ್ಮಂದು" ಎಂದರು ಮರುಳಪ್ಪನವರು ಬೆವರು ಒರೆಸಿಕೊಳ್ಳುತ್ತಾ.

"ನಮ್ಮ ವಂಶನೇ ಹಂಗೆ" ಎಂದ ಮಾವ.

ದೊಡ್ಡಮ್ಮನ ಮಾತು ಚಿಕ್ಕದಾಗುತ್ತಾ ಹೋಗಿತ್ತು. ಮಧ್ಯದಲ್ಲಿ ಒಮ್ಮೆ "ನೀಲು" ಎಂದಳು. ನಾನು "ಹೂಂ" ಎಂದೆ. ಅವಳು ಮುಂದೆ ಏನೂ ಹೇಳಲಿಲ್ಲ. ನಿದ್ದೆ ಬಂದಿರಬೇಕು ಎಂದುಕೊಂಡೆ. ಬಿಸಿಲು ಬಾಗಿಲು ದಾಟಿ ಒಳಗೆ ಬಂದಾಗ ಸೂಜಿ ಜಾರಿ ಅವಳ ಮಡಿಲಿಗೆ ಬಿತ್ತು. "ಬಿತ್ತು!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಮಾವ ಎಲ್ಲರ ಕೈಗೂ ಸಕ್ಕರೆ ಹಾಕಿದ. ಮರುಳಪ್ಪನವರು ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಸುಣ್ಣದಲ್ಲಿ ಕತ್ತರಿಯ ಗುರುತು ಬರೆದು ಹಿತ್ತಲಿನ ಮಡಕೆಗಳ ಸಾಲಿನಲ್ಲಿ ಇಟ್ಟರು. ಮಳೆಗಾಲ ಬರುವವರೆಗೆ ಅವು ಅಲ್ಲೇ ಇರುತ್ತವೆ. ಹಳ್ಳ ತುಂಬಿ ಹರಿಯುವಾಗ ಎಲ್ಲವನ್ನೂ ಅದರಲ್ಲಿ ಸುರಿಯುತ್ತಾರೆ.

ಮನೆಗೆ ಬಂದ ಮೇಲೆ ದೊಡ್ಡಮ್ಮನ ಕೈ ನಡುಗಲಿಲ್ಲ. ನನ್ನ ಹೆಸರು, ಮಾವನ ಹೆಸರು, ಸತ್ತ ನನ್ನ ಅಮ್ಮನ ಹೆಸರು, ಎಲ್ಲವನ್ನೂ ಕೇಳಿದ ಕೂಡಲೇ ಹೇಳಿದಳು. ಸೀಬಕ್ಕನ ಬ್ಲೌಸಿಗೆ ಬಲತೋಳನ್ನು ಬಲಗಡೆಗೇ ಇಟ್ಟು ಹೊಲಿದಳು. ಸೀಬಕ್ಕ ಹಾಕಿಕೊಂಡು ನೋಡಿ, "ಏನಕ್ಕ, ಈಗ ನನ್ನ ಬಲಗೈ ನೆನಪಾಯ್ತಾ?" ಎಂದು ರೇಗಿಸಿದಳು. ದೊಡ್ಡಮ್ಮ "ಹೌದು" ಎಂದಳು. ಸೀಬಕ್ಕ ಇನ್ನೂ ಏನೋ ಬರುತ್ತದೆ ಎಂದು ಕಾಯುತ್ತಾ ನಿಂತಳು. ಬರಲಿಲ್ಲ. "ಸುಸ್ತಾಗಿರ್ಬೇಕು" ಎಂದು ಹೇಳಿ ಹೋದಳು.

ಊಟಕ್ಕೆ ತಟ್ಟೆ ಇಟ್ಟೆ. ಅದರ ಮುಂದೆ ಕೂತಳು. ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಗೆದು ಬಂದರೆ ಅನ್ನ ಹಾಗೇ ಇತ್ತು, ಅವಳೂ ಹಾಗೇ ಕೂತಿದ್ದಳು. "ಉಣ್ಣು ದೊಡ್ಡಮ್ಮ" ಎಂದೆ. ತಕ್ಷಣ ಒಂದು ತುತ್ತು ತಿಂದಳು. ಮತ್ತೆ ಕೈ ನಿಂತಿತು. ಪ್ರತಿ ತುತ್ತಿಗೂ ಹೇಳಬೇಕಾಗಿತ್ತು. ಹಸಿವಾಗಲ್ವಾ ಎಂದು ಕೇಳಿದರೆ ಸ್ವಲ್ಪ ಯೋಚಿಸಿ, "ಗೊತ್ತಿಲ್ಲ" ಎಂದಳು. ಸುಳ್ಳು ಹೇಳುತ್ತಿರಲಿಲ್ಲ. ಹಸಿವು ಎಂದರೆ ಯಾವ ಕಡೆ ನೋಡಬೇಕು ಎಂದು ಗೊತ್ತಿಲ್ಲದವಳ ಹಾಗೆ ಹೇಳಿದಳು. ಇನ್ನೊಂದು ದಿನ ಹೊಲಿಯಲು ಕೂರಿಸಿ ನಾನು ನೀರು ತರಲು ಹೋದೆ. ನಲ್ಲಿಯಲ್ಲಿ ಸಾಲು ಉದ್ದವಿತ್ತು. ಬಂದು ನೋಡಿದರೆ ಬಟ್ಟೆ ಮುಗಿದು ಕೆಳಗೆ ಜಾರಿತ್ತು, ದಾರವೂ ಮುಗಿದಿತ್ತು, ದೊಡ್ಡಮ್ಮ ಬರಿಯ ಮಿಷನ್ನನ್ನು ತುಳಿಯುತ್ತಲೇ ಇದ್ದಳು. ಸೂಜಿ ಅವಳ ಹೆಬ್ಬೆರಳಿನ ಪಕ್ಕದಲ್ಲೇ ಏರಿ ಇಳಿಯುತ್ತಿತ್ತು. "ಸಾಕು ದೊಡ್ಡಮ್ಮ" ಎಂದೆ. ಕಾಲು ನಿಂತಿತು.

ನನ್ನ ತಲೆಯೊಳಗೆ ಎಲ್ಲ ಗೋಜಲಾಯಿತು. ಮೊದಲು ಅವಳು ನನ್ನನ್ನು ಎಂಟು ವರ್ಷದವಳು ಅಂದುಕೊಂಡಿದ್ದಳು, ಆದರೆ ಹಬ್ಬಕ್ಕೆ ಲಂಗ ಹೊಲಿಯಬೇಕು ಎಂದು ಅವಳಿಗೇ ಅನ್ನಿಸಿತ್ತು. ಈಗ ನನ್ನ ವಯಸ್ಸು ಸರಿಯಾಗಿ ಹೇಳುತ್ತಾಳೆ, ಆದರೆ ಹಬ್ಬ ಬಂದು ಹೋದದ್ದು ಅವಳಿಗೆ ಬೇಕಾಗಿರಲಿಲ್ಲ. ಯಾವುದು ಕಾಯಿಲೆ, ಯಾವುದು ವಾಸಿ? ಮಾವ ಬಂದಾಗ ಹೇಳಲು ಹೋದೆ. ಅವನು ಅಕ್ಕನನ್ನು ಕೇಳಿದ, ಅವಳು ಎಲ್ಲದಕ್ಕೂ ಸರಿಯಾದ ಉತ್ತರ ಕೊಟ್ಟಳು.

"ನೋಡು" ಎಂದ ಅವನು ನನಗೆ. "ಮೊದಲು ಎಲ್ಲಿ ದಾರಿ ತಪ್ಪಿ ಹೋಗ್ತಾಳೋ ಅಂತ ನಂಗೆ ಭಯ ಇತ್ತು. ಈಗ ಕೂರಿಸಿದ ಕಡೆ ಕೂತಿರ್ತಾಳೆ. ಯಾವುದು ಒಳ್ಳೇದು, ನೀನೇ ಹೇಳು."

ಅವನು ಹೋದ ಮೇಲೆ ಅವಳ ಬ್ಲೌಸು ಭುಜದಿಂದ ಜಾರುತ್ತಿರುವುದನ್ನು ನೋಡಿ, ಬಿಚ್ಚಿಸಿ, ಎರಡೂ ಪಕ್ಕದ ಹೊಲಿಗೆಯನ್ನು ಒಳಗೆ ಹಿಡಿದೆ. ವಾರದ ಹಿಂದೆಯಷ್ಟೇ ಒಮ್ಮೆ ಹಿಡಿದಿದ್ದೆ. ಹೊಸ ಹೊಲಿಗೆ ಹಳೆಯದಕ್ಕಿಂತ ಬೆರಳಿನಷ್ಟು ಒಳಗೆ ಬಿತ್ತು.

ಹೊಲಿಗೆಯ ನಡುವೆ ಗುಂಡುಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು ನಮ್ಮ ಅಭ್ಯಾಸ. ಆ ಹೊತ್ತು ಮರೆವಿನಲ್ಲಿ ಅದನ್ನು ಹಣೆಗೆ ಒತ್ತಿಕೊಂಡೆನೋ ಏನೋ, ಕೈ ತೆಗೆದರೂ ಅದು ಬೀಳಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡೆ. ನನ್ನ ಹಣೆಯ ಮೇಲೆ ಸೂಜಿ. ಇಪ್ಪತ್ತು ದಾಟಿದ ಹುಡುಗಿಯ ತಲೆಗೆ ಅಂಟಿದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ನಾನೂ ಮರೆಯುತ್ತೇನೆ, ಆಮೇಲೆ ದೊಡ್ಡಮ್ಮನಿಗೆ ಉಣ್ಣು ಎಂದು ಹೇಳುವವರು ಯಾರು ಎಂದು ಅನ್ನಿಸಿತು. ಅಷ್ಟರಲ್ಲಿ ಸೀಬಕ್ಕ ಮೊಮ್ಮಗುವನ್ನು ನನ್ನ ಮಡಿಲಿಗೆ ಹಾಕಿ, "ಒಂದು ಗಳಿಗೆ ನೋಡ್ಕೊಳೆ, ಹಾಲು ಉಕ್ತಿದೆ" ಎಂದು ಓಡಿದಳು. ನಾನು ಸೂಜಿಯ ಗುಂಡನ್ನು ಮಗುವಿನ ಹಣೆಗೆ ಮೆಲ್ಲಗೆ ಮುಟ್ಟಿಸಿದೆ. ಅಂಟಿತು. ಇನ್ನೂ ಹಲ್ಲು ಬಂದಿರದ ಮಗು ಅದು. ನನ್ನನ್ನು ನೋಡಿ ನಕ್ಕಿತು.

ಮಗುವನ್ನು ಕೊಟ್ಟು ಅಂಗಡಿಗೆ ಹೋಗಿ ಹೊಸ ಚೀಟಿ ಗುಂಡುಸೂಜಿ ತಂದೆ. ನನ್ನ ಹಣೆಗೆ ಮುಟ್ಟಿಸಿದೆ, ಬಿತ್ತು. ಮತ್ತೊಂದು, ಅದೂ ಬಿತ್ತು. ಹೊಸದನ್ನೂ ಹಳೆಯದನ್ನೂ ಪಕ್ಕಪಕ್ಕ ಇಟ್ಟೆ. ಹೊಸ ಸೂಜಿ ಸರಕ್ಕನೆ ಜಾರಿ ಹೋಗಿ ಹಳೆಯದಕ್ಕೆ ಕಚ್ಚಿಕೊಂಡಿತು. ತಗಡಿನ ಡಬ್ಬಿಯ ಮುಚ್ಚಳ ತೆಗೆದು ಸೂಜಿಗಲ್ಲನ್ನು ಹೊರಗಿಟ್ಟೆ. ಕಲ್ಲಿಲ್ಲದಿದ್ದರೂ ಒಳಗಿನ ಸೂಜಿಗಳು ಒಂದನ್ನೊಂದು ಹಿಡಿದುಕೊಂಡು ಮುಳ್ಳುಹಂದಿಯ ಹಾಗೆ ಗುಂಪಾಗಿಯೇ ಇದ್ದವು. ವರ್ಷಗಟ್ಟಲೆ ಕಲ್ಲಿನ ಜೊತೆ ಇದ್ದು ಅವೂ ಕಲ್ಲೇ ಆಗಿದ್ದವು. ಅವು ಯಾರ ತಲೆಗಾದರೂ ಅಂಟುತ್ತಿದ್ದವು.

ಬೇರೆ ಮನೆಯ ಸೂಜಿಯಾಗಿದ್ದರೆ ಕಂದು ನೀರಿಗೇ ಬೀಳುತ್ತಿತ್ತೋ ಏನೋ. ಅಥವಾ ದೊಡ್ಡಮ್ಮನ ತಲೆಗೆ ಅಂಟುತ್ತಲೇ ಇರಲಿಲ್ಲವೋ. ಎರಡು ಎಡತೋಳು ಬರಿಯ ಕಣ್ಣು ಮಂಜಾಗಿ ಆದದ್ದಿರಬಹುದು. ಆದರೆ ಲಂಗ? ಲಂಗಕ್ಕೆ ಏನು ಹೇಳಲಿ? ಕಾಯಿಲೆ ಇತ್ತು ಎಂದುಕೊಂಡರೂ ಸರಿಹೋಗಲಿಲ್ಲ, ಇರಲಿಲ್ಲ ಎಂದುಕೊಂಡರೂ ಸರಿಹೋಗಲಿಲ್ಲ. ದೊಡ್ಡಮ್ಮ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. "ಸೂಜಿ ತಪ್ಪಾಗಿತ್ತು ದೊಡ್ಡಮ್ಮ" ಎಂದು ಅವಳಿಗೆ ಹೇಳಿದೆ. "ಹೌದಾ" ಎಂದಳು, ಕರೆಂಟು ಹೋಗಿದೆ ಎಂದರೆ ಹೇಳುವ ಹಾಗೆ.

ಶಾಲೆಯಲ್ಲಿ ಒಂದು ಪಾಠವಿತ್ತು. ತಲೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿರುತ್ತವೆ, ಸಾರಿಗೆ ಉಪ್ಪು ಹಾಕಿದ ಹಾಗೆ ಒಂದೊಂದರಲ್ಲೂ ಚೂರು ಕಬ್ಬಿಣ ಇರುತ್ತದೆ ಎಂದು ಸುಗುಣ ಟೀಚರ್ ಹೇಳಿದ್ದರು. ಆ ಪಾಠದ ಅರ್ಧದಲ್ಲೇ ನಾನು ಶಾಲೆ ಬಿಟ್ಟಿದ್ದೆ. ಟೀಚರ್ ಈಗಲೂ ನಮ್ಮಲ್ಲೇ ಬ್ಲೌಸು ಹೊಲಿಸುತ್ತಾರೆ. ಆ ವಾರ ಅಳತೆ ಕೊಡಲು ಬಂದಾಗ, ಟೇಪು ಅವರ ಬೆನ್ನ ಮೇಲಿದ್ದಾಗ, ಮುಖ ಕಾಣದಿರುವುದೇ ಅನುಕೂಲವಾಗಿ, ಕೇಳಿದೆ.

"ಟೀಚರ್, ತಲೆಯೊಳಗಿನ ಜೀವಕೋಶದ ಪಾಠ ಇತ್ತಲ್ಲ. ಉಪ್ಪಿನ ಹಂಗೆ ಕಬ್ಬಿಣ ಇರುತ್ತೆ ಅಂದಿದ್ರಿ. ಆಮೇಲೆ ಏನಿತ್ತು ಅದರಲ್ಲಿ?"

"ಅಯ್ಯೋ, ಯಾವ ಕಾಲದ ಪಾಠವೇ ತಾಯಿ ಅದು!" ಎಂದರು. ಆದರೂ ನೆನಪು ಮಾಡಿಕೊಂಡರು. "ಕೋಶ ಉಸಿರಾಡೋಕೆ ಕಬ್ಬಿಣ ಬೇಕು. ಒಲೆಗೆ ಸೌದೆ ಇದ್ದ ಹಾಗೆ. ತಾಮ್ರನೂ ಸ್ವಲ್ಪ ಬೇಕು. ಸತು, ಒಂದು ಕೋಶದ ಮಾತು ಇನ್ನೊಂದಕ್ಕೆ ದಾಟೋ ಕಡೆ ಇರುತ್ತೆ. ವಯಸ್ಸಾಗ್ತಾ ಆಗ್ತಾ ಇವೆಲ್ಲ ಇರಬೇಕಾದ ಜಾಗ ಬಿಟ್ಟು ಇನ್ನೆಲ್ಲೋ ಗುಡ್ಡೆ ಬೀಳ್ತವೆ. ಆಗ ತುಕ್ಕು ಹಿಡಿದ ಹಾಗೆ ಕೋಶ ಕೆಡುತ್ತೆ. ಮರೆವು, ನಡುಕ, ಎಲ್ಲ ಶುರುವಾಗುತ್ತೆ."

"ಹಂಗಾದ್ರೆ ತೆಗೆಸೋದು ಒಳ್ಳೇದಾ?"

"ಗುಡ್ಡೆ ಬಿದ್ದಿರೋದು ತೆಗೆದ್ರೆ ಒಳ್ಳೇದೇ."

"ಕೋಶದ ಒಳಗಿರೋದು?"

"ಅದನ್ನ ತೆಗೆದ್ರೆ ಒಲೆ ಆರುತ್ತಲ್ಲೇ."

"ಯಾವುದು ಗುಡ್ಡೇದು, ಯಾವುದು ಒಲೇದು ಅಂತ ಸೂಜಿಗಲ್ಲಿಗೆ ಗೊತ್ತಾಗುತ್ತಾ ಟೀಚರ್?"

ಅವರ ಬೆನ್ನು ನನ್ನ ಟೇಪಿನ ಕೆಳಗೆ ಬಿಗಿಯಾಯಿತು. ಬಾಗಿಲ ಬಳಿ ಕೂತಿದ್ದ ದೊಡ್ಡಮ್ಮನನ್ನು ನೋಡಿದರು. ದೊಡ್ಡಮ್ಮನ ಕೆನ್ನೆಯ ಮೇಲೆ ನೊಣವೊಂದು ನಡೆಯುತ್ತಿತ್ತು, ಅವಳು ಓಡಿಸುತ್ತಿರಲಿಲ್ಲ.

"ಅದು ಪರೀಕ್ಷೆಗೆ ಬರ್ತಿರಲಿಲ್ಲ" ಎಂದರು ಟೀಚರ್. ಸೆರಗು ಸರಿಮಾಡಿಕೊಂಡು, "ಹೋದ ವರ್ಷ ನಮ್ಮಮ್ಮಂಗೂ ಇಳಿಸಿದ್ವಿ. ತುಂಬಾ ಶಾಂತವಾಗಿದಾರೆ ಈಗ" ಎಂದರು. ತೋಳಿನ ಅಳತೆ ಕೊಡುವುದನ್ನು ಮರೆತು ಹೊರಟುಹೋದರು.

ಆ ದಿನದಿಂದ ನನ್ನ ಮನಸ್ಸು ಹಿತ್ತಲಿನ ಸಾಲಿನಲ್ಲಿದ್ದ ಮಡಕೆಯ ಕಡೆಗೇ ಹೋಗುತ್ತಿತ್ತು. ಕಂದು, ಹಸಿರು, ಬಿಳಿ ಎಲ್ಲ ಅದರಲ್ಲೇ ಇದೆ. ಕೆಟ್ಟದ್ದೂ ಅದರಲ್ಲಿದೆ, ಹಬ್ಬಕ್ಕೆ ಲಂಗ ಹೊಲಿಯಬೇಕು ಎನ್ನಿಸಿದ್ದೂ ಅದರಲ್ಲಿದೆ. ಬೇರೆ ಮಾಡುವುದು ನನಗೆ ಗೊತ್ತಿರಲಿಲ್ಲ. ಎಲ್ಲ ಬೇಡ, ಹಸಿವಾಗುವಷ್ಟು ಬಂದರೆ ಸಾಕು. ನಡುಕವೂ ಜೊತೆಗೆ ಬಂದರೆ ಬರಲಿ, ತೋಳುಗಳನ್ನು ನಾನು ಬಿಚ್ಚಿ ಹೊಲಿಯುತ್ತೇನೆ. ಹೀಗೆ ಯೋಚಿಸಿ, ಮರುಗಳಿಗೆಯಲ್ಲಿ, ಅವಳು ಮತ್ತೆ ನನ್ನನ್ನು ಮರೆತರೆ ಎಂದು ಹೆದರುತ್ತಿದ್ದೆ. ಬ್ಲೌಸಿನ ಪಕ್ಕದಲ್ಲಿ ಇನ್ನು ಒಳಗೆ ಹಿಡಿಯಲು ಬಟ್ಟೆ ಉಳಿದಿರಲಿಲ್ಲ. ಆಕಾಶದಲ್ಲಿ ಮೋಡ ಕಟ್ಟತೊಡಗಿತ್ತು.

ಮಾವನಿಗೆ ಹೇಳಿದೆ. ಅವನು ಸೈಕಲ್ಲಿನ ಚಕ್ರ ತಿರುಗಿಸುತ್ತಾ ಕೇಳಿಸಿಕೊಂಡ. ಸೂಜಿಯ ವಿಷಯ ಹೇಳಿದಾಗ ಚಕ್ರ ನಿಲ್ಲಿಸಿದ. "ಇದನ್ನ ಯಾರ ಹತ್ರನೂ ಹೇಳ್ಬೇಡ" ಎಂದ. "ನಮ್ಮ ಡಬ್ಬಿಯಿಂದ ಎಷ್ಟು ಮನೆಯವರು ಸೂಜಿ ಇಸ್ಕೊಂಡು ಹೋಗಿದಾರೆ ಗೊತ್ತಾ? ಅಂಬಕ್ಕನ ಸೂಜಿ ಅಂದ್ರೆ ನಂಬಿಕೆ ಅಂತ." ನನಗೆ ಅದು ಹೊಳೆದೇ ಇರಲಿಲ್ಲ. ಜಗುಲಿಗಳ ಮೇಲೆ ಶಾಂತವಾಗಿ ಕೂತವರೆಲ್ಲ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಅವರಲ್ಲಿ ಯಾರು ಯಾರು ನಮ್ಮ ಸೂಜಿಯವರು? ಮಾವ ಮತ್ತೆ ಚಕ್ರ ತಿರುಗಿಸಿದ. ಅವನ ಕಣ್ಣು ಕೆಂಪಾಗಿತ್ತು.

ಮರುದಿನ ದೊಡ್ಡಮ್ಮನಿಗೆ "ನಡಿ" ಎಂದೆ. ನಡೆದಳು. ಇಳಿಸುವ ಮನೆಯಲ್ಲಿ ಜನ ತುಂಬಿದ್ದರು. ಮಳೆಗೆ ಮೊದಲು ಎಲ್ಲರೂ ಬರುತ್ತಾರೆ. ಸುಗುಣ ಟೀಚರ್ ತಮ್ಮ ದೊಡ್ಡಪ್ಪನನ್ನು ಕರೆದುಕೊಂಡು ಬಂದಿದ್ದರು. ಸೀಬಕ್ಕನ ಅತ್ತೆ ಮಣೆಯ ಮೇಲೆ ಕೂತಿದ್ದರು, ಸೀಬಕ್ಕ ಅವರ ಕೈ ಹಿಡಿದುಕೊಂಡಿದ್ದಳು. ಅವಳ ಸೆರಗಿನಲ್ಲಿ ಒಂದು ಗುಂಡುಸೂಜಿ ಇತ್ತು. ಎಲ್ಲಿಂದ ತಂದದ್ದು ಎಂದು ನಾನು ಕೇಳಲಿಲ್ಲ, ಅವಳು ನನ್ನ ಕಡೆ ನೋಡಲೂ ಇಲ್ಲ.

ಮರುಳಪ್ಪನವರು ನನ್ನನ್ನು ನೋಡಿ ಕಲ್ಲನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದರು. "ಮತ್ತೆ ಅಂಟ್ತಿದೆಯೇನಮ್ಮ?"

"ಇಲ್ಲ" ಎಂದೆ.

"ಮತ್ತೆ?"

ನಾನು ಸೂಜಿಯ ವಿಷಯ ಹೇಳಿದೆ. ಕಲ್ಲಿನ ಜೊತೆಗಿಟ್ಟ ಸೂಜಿ ಕಲ್ಲೇ ಆಗುತ್ತದೆ, ಅದು ಮಗುವಿನ ಹಣೆಗೂ ಅಂಟಿತು, ದೊಡ್ಡಮ್ಮನಿಂದ ಬೇಕಾದದ್ದೂ ಇಳಿದುಹೋಗಿದೆ ಎಂದೆ. ಮಾತು ಹಿಂದುಮುಂದಾಯಿತು, ಒಂದೆರಡು ಕಡೆ ತಡವರಿಸಿದೆ. ಆದರೂ ಎಲ್ಲರಿಗೂ ಅರ್ಥವಾಯಿತು. ಸೀಬಕ್ಕ ಅತ್ತೆಯ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದಳು. ಟೀಚರ್ ನೆಲ ನೋಡಿದರು. ಬಾಗಿಲ ಹೊರಗೆ ಜಗುಲಿಯ ಮೇಲೆ, ಹಿಂದೆಂದೋ ಇಳಿಸಿಕೊಂಡ ಮುದುಕರೊಬ್ಬರು ಕಾಲು ಇಳಿಬಿಟ್ಟು ಕೂತಿದ್ದರು. ಅವರನ್ನು ಮನೆಗೆ ಕರೆದುಕೊಂಡು ಹೋಗಲು ಇನ್ನೂ ಯಾರೂ ಬಂದಿರಲಿಲ್ಲ. ಹಿತ್ತಲಿನ ಬಾಗಿಲು ತೆರೆದಿತ್ತು. ಮಡಕೆಗಳ ಸಾಲು ಕಾಣುತ್ತಿತ್ತು, ಅದರಾಚೆ ಹಳ್ಳದ ಸದ್ದು ಕೇಳಿಸುತ್ತಿತ್ತು.

ಮರುಳಪ್ಪನವರು ಹಿಡಿದಿದ್ದ ಕಲ್ಲನ್ನು ಬಿಟ್ಟರು. ಅದು ತನ್ನಷ್ಟಕ್ಕೆ ಸಣ್ಣಗೆ ತೂಗತೊಡಗಿತು. ನಾನು ದೊಡ್ಡಮ್ಮನ ಮೊಣಕೈ ಹಿಡಿದು ಮುಂದೆ ಕರೆತಂದೆ. ಅವಳು ಹೇಳಿದ ಕಡೆ ನಿಂತಳು.

"ಒಂದು ಚಿಟಿಕೆ ಸಾಕು" ಎಂದೆ. "ಆ ಮಡಕೆಯಿಂದ ನಮ್ಮ ದೊಡ್ಡಮ್ಮಂಗೆ ವಾಪಸ್ ಹಾಕಿಕೊಡಿ."